ಕೊಕ್ಕೆ ಕಂಡಿತು, ಸುಂಟರಗಾಳಿ ಎಲ್ಲಿ? ರೇಡಾರ್ ಚಿತ್ರ ಓದುವ ಬಗ್ಗೆ

ಹೊಸಪುಟ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಹಳೆಯ ಬಿರುಗಾಳಿಗಳ ರೇಡಾರ್ ಕಡತ ಇಳಿಸಿಕೊಂಡು ನೋಡುವ ಚಟ ಹತ್ತಿದೆ. ಅಮೆರಿಕದ ಹವಾಮಾನ ರೇಡಾರುಗಳ ಕಚ್ಚಾ ದತ್ತಾಂಶವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದು ಅಂತ ಗೊತ್ತಾದ ದಿನದಿಂದ ನಿದ್ದೆಗೆ ಕಲ್ಲು ಬಿತ್ತು. ಈಗ 2013ರ ಮೇ 20ರದ್ದು ತೆರೆದು ಕೂತಿದ್ದೇನೆ. ಓಕ್ಲಹೋಮಾದ ಮೂರ್ ಪಟ್ಟಣಕ್ಕೆ ಬಡಿದು 24 ಜನರನ್ನು ಕೊಂದ ಸುಂಟರಗಾಳಿ.

ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ವರದಿಯ ಪ್ರಕಾರ ಅದು ನೆಲ ಮುಟ್ಟಿದ್ದು ಮಧ್ಯಾಹ್ನ 2:56ಕ್ಕೆ. ಕಡತದಲ್ಲಿ 14:56ಕ್ಕೆ ಹೋದರೆ ಅಂಥದ್ದೇನೂ ಇಲ್ಲ, ಐದು ಗಂಟೆ ಮುಂದೆ ಸಿಕ್ಕಿತು. ಎರಡನೆಯದು, ಕೊಕ್ಕೆಯಂಥ ಆಕಾರ ಚೆನ್ನಾಗಿ ಕಾಣುತ್ತದೆ, ಆದರೆ ಅದರ ತುದಿಯಲ್ಲಿ ಕಡುಬಣ್ಣದ ಒಂದು ಚೆಂಡು ಇದೆ. ಸುಂಟರಗಾಳಿ ಇರುವ ಕಡೆ ಮಳೆ ಇರೋದಿಲ್ಲ ಅಂತ ಎಲ್ಲೋ ಓದಿದ್ದೆ. ಹಾಗಾದರೆ ಈ ಚೆಂಡು ಏನು? ಮೂರನೆಯದು, ಬೇರೆ ಯಾವುದೋ ದಿನದ ಕಡತದಲ್ಲಿ ಇದಕ್ಕಿಂತ ಅಂದವಾದ ಕೊಕ್ಕೆ ಸಿಕ್ಕಿತು. ಆ ದಿನ ಅಲ್ಲಿ ಸುಂಟರಗಾಳಿ ಬಂದೇ ಇಲ್ಲ!

ಗಾಳಿಮಾತು

ಗುರು, ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ. ಕೊಕ್ಕೆ ಇದ್ರೆ ಸುಂಟರಗಾಳಿ, ಇಲ್ದಿದ್ರೆ ಇಲ್ಲ. ತುದೀಲಿ ಕಡುಬಣ್ಣ ಅಂದ್ರೆ ಆಲಿಕಲ್ಲು. ನಾನು ಮೊಬೈಲ್ ಆ್ಯಪಲ್ಲೇ ಲೈವ್ ನೋಡ್ತೀನಿ, ಸುಂಟರಗಾಳಿ ಎಲ್ಲಿ ಹೋಗ್ತಿದೆ ಅಂತ ರಸ್ತೆ ಸಮೇತ ಕಾಣುತ್ತೆ.

ಆಂಟೆನಾ ಅಜ್ಜ

ಗಾಳಿಮಾತು, ನೀವು ಹೇಳಿದ್ದು ಮೂರು ಮಾತು, ಮೂರೂ ತಪ್ಪು. ಬೇಸರ ಮಾಡಿಕೊಳ್ಳಬೇಡಿ. ರೇಡಾರ್ ದುರಸ್ತಿಯಲ್ಲಿ ತಲೆ ನರೆತ ನಾನೂ ಮೊದಲಿಗೆ ಇದನ್ನೇ ನಂಬಿದ್ದೆ.

ಹೊಸಪುಟ, ಸಮಯದ ಗೊಂದಲ ಸುಲಭ. ಕಡತಗಳ ಸಮಯ ಯುಟಿಸಿಯಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ. ಮೇ ತಿಂಗಳಲ್ಲಿ ಓಕ್ಲಹೋಮಾದ ಗಡಿಯಾರ ಅದಕ್ಕಿಂತ 5 ಗಂಟೆ ಹಿಂದೆ. ನೀವು ನೋಡಬೇಕಾದ್ದು 19:56ರಿಂದ 20:35ರವರೆಗೆ.

ಇನ್ನು ಕೊಕ್ಕೆ. ರೇಡಾರಿಗೆ ಗಾಳಿ ಕಾಣುವುದಿಲ್ಲ. ಅದು ಮೈಕ್ರೋವೇವ್ ಮಿಡಿತ ಬಿಟ್ಟು, ಹನಿಗೋ ಆಲಿಕಲ್ಲಿಗೋ ತಾಗಿ ಮರಳಿದ್ದನ್ನು ಅಳೆಯುತ್ತದೆ. ಅಮೆರಿಕದಲ್ಲಿ ಸುಮಾರು 160 ದೊಡ್ಡ ಡಾಪ್ಲರ್ (ಹನಿಗಳ ಚಲನೆಯ ವೇಗವನ್ನೂ ಅಳೆಯುವ) ರೇಡಾರುಗಳ ಜಾಲವಿದೆ. ಒಂದೊಂದರ ಮಿಡಿತದ ಗರಿಷ್ಠ ಶಕ್ತಿ 750 ಕಿಲೋವ್ಯಾಟ್‌ನಷ್ಟು. ಆದರೆ ಮಿಡಿತ ಎಷ್ಟು ಚುಟುಕೆಂದರೆ ಗಂಟೆಯಲ್ಲಿ ಒಟ್ಟು ಸುಮಾರು 7 ಸೆಕೆಂಡು ಮಾತ್ರ ಅದು ಕೂಗುತ್ತದೆ. ಮಿಕ್ಕ 59 ನಿಮಿಷ 53 ಸೆಕೆಂಡು ಕಿವಿಗೊಟ್ಟು ಕೂತಿರುತ್ತದೆ. (ಮನುಷ್ಯರಲ್ಲಿ ಇಂಥವರನ್ನು ನಾನು ಕಂಡಿಲ್ಲ.)

ಸೂಪರ್‌ಸೆಲ್ ಅಂದರೆ ತಿರುಗುವ ಮೇಲೇರು ಗಾಳಿಯ ಕಂಬ ಇರುವ ಗುಡುಗು ಮೋಡ. ಆ ತಿರುಗು, ಪಕ್ಕದಲ್ಲಿ ಸುರಿಯುತ್ತಿರುವ ಮಳೆಯನ್ನು ತನ್ನ ಸುತ್ತ ಎಳೆದುಕೊಳ್ಳುತ್ತದೆ. ಅದೇ ಕೊಕ್ಕೆ. ಅಂದರೆ ಮೋಡ ತಿರುಗುತ್ತಿದೆ ಅನ್ನುವುದಕ್ಕೆ ಅದು ಗುರುತು. ತಿರುಗುವ ಮೋಡಗಳಲ್ಲಿ ಹೆಚ್ಚಿನವು ಸುಂಟರಗಾಳಿ ಹುಟ್ಟಿಸದೇ ಕರಗಿ ಹೋಗುತ್ತವೆ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರದ ಅರ್ಧ ಇಷ್ಟು.

ಇದನ್ನು ಮೊದಲು ದಾಖಲಿಸಿದ ಕತೆ ಚೆನ್ನಾಗಿದೆ. 1953ರ ಏಪ್ರಿಲ್ 9. ಇಲಿನಾಯ್ ರಾಜ್ಯದ ಜಲ ಸಮೀಕ್ಷೆಯವರು ಮಳೆ ಅಳೆಯುವುದಕ್ಕೆಂದು ಒಂದು ರೇಡಾರ್ ಇಟ್ಟುಕೊಂಡಿದ್ದರು. ಡೊನಾಲ್ಡ್ ಸ್ಟ್ಯಾಗ್ಸ್ ಅನ್ನುವ ತಂತ್ರಜ್ಞ ಅದನ್ನು ಪರೀಕ್ಷೆ ಮಾಡುತ್ತಿದ್ದಾಗ ಪರದೆಯಲ್ಲಿ ವಿಚಿತ್ರ ಬಾಲ ಕಂಡಿತು. ಆತ ಯಂತ್ರ ಆರಿಸಿ ಮನೆಗೆ ಹೋಗದೆ ಕ್ಯಾಮೆರಾ ಓಡಿಸುತ್ತ ಕೂತ. ಕೊಕ್ಕೆಗೂ ಸುಂಟರಗಾಳಿಗೂ ಇರುವ ನಂಟು ಫಿಲಂ ಮೇಲೆ ಸಿಕ್ಕಿದ್ದು ಹಾಗೆ.

ಉತ್ತರದ ಇನ್ನರ್ಧ ದೂರ. ನಿಮ್ಮ ಆ ಅಂದವಾದ ಕೊಕ್ಕೆ ರೇಡಾರಿನಿಂದ ಎಷ್ಟು ದೂರ ಇತ್ತು?

ಹೊಸಪುಟ

ಅಜ್ಜಾ, ಅಳೆದು ನೋಡಿದೆ. ಸುಮಾರು 150 ಕಿ.ಮೀ. ಮೂರ್ ಆದರೆ ರೇಡಾರಿನಿಂದ 20 ಕಿ.ಮೀ. ಒಳಗೇ ಇದೆ.

ಆಂಟೆನಾ ಅಜ್ಜ

ಅದನ್ನೇ ಹೇಳಬೇಕೆಂದಿದ್ದೆ. ರೇಡಾರಿನ ಎಲ್ಲಕ್ಕಿಂತ ಕೆಳಗಿನ ನೋಟ ಸಾಮಾನ್ಯವಾಗಿ ಅರ್ಧ ಡಿಗ್ರಿ ಮೇಲ್ಮುಖ. ಜೊತೆಗೆ ಭೂಮಿ ಬಾಗಿದೆ. ಹೀಗಾಗಿ 20 ಕಿ.ಮೀ. ದೂರದಲ್ಲಿ ಕಿರಣದ ನಡುಭಾಗ ನೆಲದಿಂದ 200 ಮೀಟರ್ ಮೇಲಿದ್ದರೆ, 100 ಕಿ.ಮೀ.ಗೆ ಹೋಗುವಷ್ಟರಲ್ಲಿ 1.5 ಕಿ.ಮೀ., 150ಕ್ಕೆ 2.6 ಕಿ.ಮೀ., 200ಕ್ಕೆ 4 ಕಿ.ಮೀ. ದಾಟಿರುತ್ತದೆ. ಕಿರಣವೂ ಟಾರ್ಚ್ ಬೆಳಕಿನ ಹಾಗೆ ಅಗಲವಾಗುತ್ತ ಹೋಗುತ್ತದೆ. 100 ಕಿ.ಮೀ.ಯಲ್ಲಿ ಅದರ ಅಗಲವೇ 1.6 ಕಿ.ಮೀ. ಬಹುಪಾಲು ಸುಂಟರಗಾಳಿಗಳು ಅದರೊಳಗೆ ಗುಬ್ಬಿಯ ಹಾಗೆ ಅಡಗಿಬಿಡುತ್ತವೆ.

ನೀವು ಆ ದಿನ ನೋಡಿದ್ದು ಎರಡೂವರೆ ಕಿ.ಮೀ. ಎತ್ತರದಲ್ಲಿ ಮೋಡದ ಹೊಟ್ಟೆ ತಿರುಗುತ್ತಿದ್ದದ್ದು. ಕೆಳಗೆ ಏನಾಗುತ್ತಿತ್ತು ಅನ್ನುವುದು ಆ ಚಿತ್ರದಲ್ಲಿ ಇಲ್ಲವೇ ಇಲ್ಲ.

ಗಾಳಿಮಾತು

ಸರಿ ಅಜ್ಜ, ಒಪ್ಪಿದೆ. ಆದ್ರೆ ವೆಲಾಸಿಟಿ ಚಿತ್ರ ಇದೆಯಲ್ಲ? ಅದ್ರಲ್ಲಿ ಗಾಳೀನೇ ಕಾಣುತ್ತೆ. ಕೆಂಪು ಪಕ್ಕ ಹಸಿರು ಬಂದ್ರೆ ಮುಗೀತು.

ಲೆಕ್ಕದಮ್ಮ

ಹಸಿರು ರೇಡಾರಿನ ಕಡೆಗೆ ಬರುವುದು, ಕೆಂಪು ದೂರ ಹೋಗುವುದು. ಇಷ್ಟು ಸರಿ. ಆದರೆ ರೇಡಾರಿಗೆ ಗೊತ್ತಾಗುವುದು ತನ್ನ ದೃಷ್ಟಿಯ ಗೆರೆಯ ಉದ್ದಕ್ಕೂ ಇರುವ ಚಲನೆ ಮಾತ್ರ. ಅಡ್ಡ ಹೋಗುವ ಗಾಳಿ ಎಷ್ಟೇ ಜೋರಿದ್ದರೂ ಸೊನ್ನೆ ತೋರಿಸುತ್ತದೆ. ಹಾಗಾಗಿ ಕೆಂಪು-ಹಸಿರು ಹೇಗೆ ಕೂತಿವೆ ಅನ್ನುವುದು ಮುಖ್ಯ. ರೇಡಾರ್ ನಿಂತ ಜಾಗದಿಂದ ನೋಡಿದಾಗ ಎಡಕ್ಕೆ ಹಸಿರು, ಬಲಕ್ಕೆ ಕೆಂಪು ಅಕ್ಕಪಕ್ಕ ಇದ್ದರೆ ಅಪ್ರದಕ್ಷಿಣೆ ತಿರುಗು. ಉತ್ತರ ಗೋಳಾರ್ಧದ ಬಹುತೇಕ ಸುಂಟರಗಾಳಿಗಳು ತಿರುಗುವ ದಿಕ್ಕು ಅದೇ. ಎರಡು ಬಣ್ಣ ಒಂದರ ಹಿಂದೆ ಒಂದು ಕೂತಿದ್ದರೆ ಅದು ತಿರುಗಲ್ಲ. ಗಾಳಿ ಒಂದು ಕಡೆ ಸೇರುತ್ತಿದೆ ಅಥವಾ ಚದುರುತ್ತಿದೆ, ಅಷ್ಟೇ.

ಹೊಸಬರೆಲ್ಲ ಮುಗ್ಗರಿಸುವ ಇನ್ನೊಂದು ಜಾಗ ಇದೆ, ಸ್ವಲ್ಪ ಲೆಕ್ಕ ಹಾಕೋಣ. ರೇಡಾರ್ ಸೆಕೆಂಡಿಗೆ 1000 ಮಿಡಿತ ಬಿಡುತ್ತದೆ ಅಂದುಕೊಳ್ಳಿ. ಮುಂದಿನ ಮಿಡಿತ ಹೊರಡುವ ಮೊದಲು ಹಿಂದಿನದು ಹೋಗಿ ಬರಬೇಕು. ಬೆಳಕಿನ ವೇಗದಲ್ಲಿ ಅದು 150 ಕಿ.ಮೀ. ಹೋಗಿ ಮರಳಬಹುದು, ಹೆಚ್ಚಿಲ್ಲ. ಅಲೆಯ ಉದ್ದ 10 ಸೆಂ.ಮೀ. ಆದಾಗ, ಇದೇ ದರದಲ್ಲಿ ಗೊಂದಲವಿಲ್ಲದೆ ಅಳೆಯಬಹುದಾದ ಗರಿಷ್ಠ ವೇಗ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ಅದಕ್ಕೂ ಜೋರಾದ ಗಾಳಿ ಮಗುಚಿಕೊಂಡು ಕಾಣುತ್ತದೆ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ದೂರ ಓಡುವ ಗಾಳಿ 20 ಮೀಟರ್ ವೇಗದಲ್ಲಿ ಹತ್ತಿರ ಬರುತ್ತಿರುವ ಹಾಗೆ! ಕಡುಗೆಂಪಿನ ನಡುವೆ ಥಟ್ಟನೆ ಹಸಿರು ತೇಪೆ ಬಂದಾಗ ಇದನ್ನೇ ಮೊದಲು ಅನುಮಾನಿಸಬೇಕು.

ಮಿಡಿತದ ದರ ಹೆಚ್ಚಿಸಿದರೆ ವೇಗದ ಮಿತಿ ಏರುತ್ತದೆ, ದೂರದ ಮಿತಿ ಇಳಿಯುತ್ತದೆ. ಇಳಿಸಿದರೆ ಇದು ಉಲ್ಟಾ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಮಿತಿಯಾಚೆಯ ಮೋಡದಿಂದ ತಡವಾಗಿ ಮರಳಿದ ಪ್ರತಿಧ್ವನಿ ಬೆರೆತುಹೋದ ಕಡೆ ನೇರಳೆ ಬಳಿದಿರುತ್ತಾರೆ. ನೇರಳೆ ಕಂಡು ಭಯಂಕರ ಗಾಳಿ ಅಂತ ಹೌಹಾರಬೇಡಿ. ಇಲ್ಲಿ ನಮಗೇನೂ ಗೊತ್ತಾಗುತ್ತಿಲ್ಲ ಅನ್ನುವುದನ್ನು ರೇಡಾರ್ ಆ ಬಣ್ಣದಲ್ಲಿ ಹೇಳುತ್ತದೆ.

ಹೊಸಪುಟ

ಅಯ್ಯೋ, ನಿನ್ನೆ ರಾತ್ರಿ ನೇರಳೆ ತೇಪೆಯ ಚಿತ್ರ ತೆಗೆದು ಸ್ನೇಹಿತರಿಗೆಲ್ಲ ಕಳಿಸಿದ್ದೆ. ಅಳಿಸುತ್ತೇನೆ.

ಆದರೆ ಆ ಚೆಂಡು?

ಧೂಳಿನ ದಾರಿ

ಆ ಚೆಂಡಿನ ಸುದ್ದಿ ನಾ ಹೇಳ್ತೀನಿ ನೋಡ್ರಿ. ಅದು ಮಳಿ ಅಲ್ಲ, ಆಲಿಕಲ್ಲೂ ಅಲ್ಲ. ಅದು ಮನಿ. ಮನಿ ಅಂದ್ರ ಕಟಗಿ, ತಗಡು, ಹೆಂಚು, ಗಿಡದ ಟೊಂಗಿ, ಹಾಸಿಗಿ, ಎಲ್ಲಾ. ಸುಂಟರಗಾಳಿ ಮ್ಯಾಲೆ ಎತ್ತಿದ ಸಾಮಾನಿಗೆ ಕಿರಣ ತಾಗಿ ವಾಪಸ್ ಬಂದದ್ದು ಚೆಂಡಿನಂಗ ಕಾಣಸ್ತದ.

ಬರೇ ಬಣ್ಣ ನೋಡಿದ್ರ ಅದು ಆಲಿಕಲ್ಲೋ ಮನಿ ಸಾಮಾನೋ ತಿಳಿಯಂಗಿಲ್ರಿ. ಅದಕ್ಕ ಸಿಸಿ ಅಂತ ಇನ್ನೊಂದು ಚಿತ್ರ ಅದ, ಕೋರಿಲೇಶನ್ ಕೋಎಫಿಶಿಯೆಂಟ್. ಅಮೆರಿಕದ ರೇಡಾರಿಗೆ ಅಡ್ಡ ಅಲೆ, ಉದ್ದ ಅಲೆ ಎರಡೂ ಬಿಡೋ ಶಕ್ತಿ ಹಾಕಿದ್ದು 2011ರಿಂದ 2013ರ ಒಳಗ. ಎರಡೂ ಅಲೆಗೆ ಒಂದೇ ಥರ ಉತ್ತರ ಬಂದ್ರ ಸಿಸಿ 1ರ ಹತ್ರ ಇರ್ತದ. ಮಳಿ ಹನಿ ಎಲ್ಲಾ ಒಂದೇ ಅಚ್ಚಿನವು, ಹಂಗಾಗಿ 0.97ರ ಮ್ಯಾಲೆ. ಮುರಿದ ಸಾಮಾನು ಒಂದೊಂದು ಒಂದೊಂದು ಆಕಾರ, ಉಲ್ಟಾ ಪಲ್ಟಾ ತಿರುಗ್ತಿರ್ತಾವು. ಅಲ್ಲಿ ಸಿಸಿ 0.8ಕ್ಕಿಂತ ಕೆಳಗ ಕುಸೀತದ, ಚಿತ್ರದಾಗ ತೂತು ಬಿದ್ದಂಗ. ಕೆಂಪು-ಹಸಿರು ಜೋಡಿ ಇದ್ದ ಜಾಗಾದಾಗನ ಸಿಸಿ ತೂತು ಬಿತ್ತಂದ್ರ, ಅಲ್ಲಿ ಸುಂಟರಗಾಳಿ ನೆಲಾ ಮುಟ್ಟಿ ಏನೋ ಕಿತ್ತು ಎತ್ತ್ಯದ ಅಂತ ಧೈರ್ಯದಿಂದ ಹೇಳಬಹುದು.

2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಮ್ಯಾಲೆ ಹಾದ ಸುಂಟರಗಾಳ್ಯಾಗ ಈ ಸಾಮಾನು 9 ಕಿ.ಮೀ. ಎತ್ತರಕ್ಕ ಹೋಗಿತ್ತು ಅಂತ ರೇಡಾರ್ ತೋರ್ಸಿತ್ರಿ. ಅದ ಸುಂಟರಗಾಳಿ ಹಾದ ಡಾಸನ್ ಸ್ಪ್ರಿಂಗ್ಸ್ ಊರಿನ ಒಂದು ಮನಿ ಹಳೇ ಫೋಟೊ ಹಾರಿ ಹೋಗಿ, ಸುಮಾರು 200 ಕಿ.ಮೀ. ಆಚೆ ಇಂಡಿಯಾನಾದಾಗ ಯಾರದೋ ಕಾರಿನ ಗಾಜಿಗೆ ಅಂಟಿತ್ತು. ಸಿಸಿ ತೂತು ನೋಡಿದಾಗೆಲ್ಲ ನನಗ ಆ ಫೋಟೊ ನೆನಪಾಗ್ತದ. ನಕಾಶಿ ಮ್ಯಾಲೆ ನೀಲಿ ಚುಕ್ಕಿ ಕಂಡು ‘ವಾವ್’ ಅನ್ನೋರಿಗೆ ಅದು ಯಾರದೋ ಅಟ್ಟ ಅಂತ ಹೇಳಬೇಕ ಅನಸ್ತದ.

ಗಾಳಿಮಾತು

ಇದು ನಿಜಕ್ಕೂ ಗೊತ್ತಿರಲಿಲ್ಲ ಅಣ್ಣ. ಹಾಗಾದ್ರೆ ಎಚ್ಚರಿಕೆ ಕೊಡೋರು ಸಿಸಿ ತೂತು ಬೀಳೋವರೆಗೂ ಕಾದ್ರೆ ಆಯ್ತಲ್ಲ? ಅಮೆರಿಕದಲ್ಲಿ ಸುಂಟರಗಾಳಿ ಎಚ್ಚರಿಕೆ ಹತ್ತು ಕೊಟ್ರೆ ಏಳು ಹುಸಿ ಅಂತ ಕೇಳಿದ್ದೀನಿ.

ಲೆಕ್ಕದಮ್ಮ

ಹತ್ತಕ್ಕೆ ಏಳು ಅನ್ನುವುದು ಹೆಚ್ಚುಕಡಿಮೆ ಸರಿ. ಆದರೆ ಕಾಯಬೇಕು ಅನ್ನುವುದು ಸರಿಯಲ್ಲ. ಸಿಸಿ ತೂತು ಬೀಳಬೇಕಾದರೆ ಮೊದಲು ಒಂದು ಮನೆ ಹಾರಬೇಕು. ಮನೆ ಹಾರುವವರೆಗೂ ಕಾದರೆ ಅದನ್ನು ಎಚ್ಚರಿಕೆ ಅನ್ನುವುದಿಲ್ಲ, ಪಂಚನಾಮೆ ಅನ್ನುತ್ತಾರೆ. ಮೂರ್‌ನಲ್ಲಿ ಎಚ್ಚರಿಕೆ ಬಂದದ್ದು 2:40ಕ್ಕೆ, ಸುಂಟರಗಾಳಿ ನೆಲ ಮುಟ್ಟಿದ್ದು 2:56ಕ್ಕೆ. ಆ 16 ನಿಮಿಷ ಸಿಕ್ಕಿದ್ದು ಮೋಡದ ಮಧ್ಯದಲ್ಲಿ ತಿರುಗು ಬಿಗಿಯಾಗುತ್ತಿದೆ ಅಂತ ನೋಡಿದ್ದರಿಂದ.

ಈ ದಾರಿ ತೆರೆದದ್ದು 1973ರ ಮೇ 24ರಂದು ಓಕ್ಲಹೋಮಾದ ಯೂನಿಯನ್ ಸಿಟಿಗೆ ಬಡಿದ ಸುಂಟರಗಾಳಿ. ಅದೇ ರಾಜ್ಯದ ನಾರ್ಮನ್ ಊರಿನ ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯದ ಡಾಪ್ಲರ್ ರೇಡಾರ್ ಅದನ್ನು ಹುಟ್ಟಿನಿಂದ ಹಿಡಿಯಿತು. ಆಮೇಲೆ ದತ್ತಾಂಶ ಕೆದಕಿದಾಗ, ತಿರುಗು ನೆಲಕ್ಕೆ ಬರುವ ಮೊದಲೇ ಮೋಡದ ಮಧ್ಯದಲ್ಲಿ ಗುರುತು ಬಿಟ್ಟಿತ್ತು ಅನ್ನುವುದು ಗೊತ್ತಾಯಿತು. ಹುಸಿ ಎಚ್ಚರಿಕೆ ಆ ಮುಂಗಾಣ್ಕೆಯ ಬೆಲೆ. ಬೆಲೆ ಜಾಸ್ತಿಯಾಯಿತು ಅನ್ನುವವರಿದ್ದಾರೆ, ಅವರ ವಾದದಲ್ಲೂ ಹುರುಳಿಲ್ಲದೆ ಇಲ್ಲ. ಮೂರು ಸಲ ಸುಮ್ಮನೆ ನೆಲಮಾಳಿಗೆಗೆ ಇಳಿದವರು ನಾಲ್ಕನೇ ಸಲ ಕಿಟಕಿಯಲ್ಲಿ ನಿಲ್ಲುತ್ತಾರೆ. ಆದರೂ ಮನೆ ಹಾರಿದ ಮೇಲೆ ಸೈರನ್ ಕೂಗಿಸುವುದಕ್ಕಿಂತ ಇದು ವಾಸಿ.

ಆಂಟೆನಾ ಅಜ್ಜ

ಸಾಲಾಗಿ ಬರುವ ಬಿರುಗಾಳಿಗಳ ವಿಚಾರ ಯಾರೂ ಎತ್ತಲಿಲ್ಲ. ಬಿಲ್ಲಿನ ಹಾಗೆ ಬಾಗಿದ ಉದ್ದನೆಯ ಮಳೆಪಟ್ಟಿ ಕಂಡರೆ ಅದರ ಹಿಂದೆ ನೇರ ಗಾಳಿ ನುಗ್ಗುತ್ತಿದೆ ಅಂತ ಅರ್ಥ. 2020ರ ಆಗಸ್ಟ್ 10ರಂದು ಅಯೋವಾದಲ್ಲಿ ಅಂಥ ಗಾಳಿ ಗಂಟೆಗೆ 200 ಕಿ.ಮೀ. ಮೀರಿತ್ತು, ಮೆಕ್ಕೆಜೋಳದ ಹೊಲಗಳನ್ನು ಚಾಪೆ ಹಾಸಿದ ಹಾಗೆ ಮಲಗಿಸಿತು. ಹಾಳು ಮಾಡುವುದಕ್ಕೆ ಸುಂಟರಗಾಳಿಯೇ ಬೇಕೆಂದಿಲ್ಲ. ಇಂಥ ಪಟ್ಟಿಯ ಅಂಚಿನಲ್ಲಿ ಪುಟ್ಟ ಸುಂಟರಗಾಳಿಗಳು ಎದ್ದು ಎರಡು ಮೂರು ನಿಮಿಷದಲ್ಲಿ ಅಳಿದುಹೋಗುತ್ತವೆ. ರೇಡಾರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಹುಟ್ಟೂ ಸಾವೂ ಮುಗಿದಿರುತ್ತದೆ. ಕೊಕ್ಕೆ ಹುಡುಕುತ್ತ ಕೂತರೆ ಇವು ಸಿಗುವುದಿಲ್ಲ.

ಗಾಳಿಮಾತು ಅವರ ‘ಲೈವ್’ ಬಗ್ಗೆಯೂ ಒಂದು ಮಾತು. ರೇಡಾರ್ ಬೇರೆ ಬೇರೆ ಕೋನಗಳಲ್ಲಿ ಸುತ್ತಿ ಪೂರ್ತಿ ಮೋಡ ಅಳೆಯುವುದಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ. 2014ರಿಂದ ನಡುನಡುವೆ ಕೆಳಗಿನ ಕೋನವನ್ನು ಮತ್ತೊಮ್ಮೆ ನೋಡುವ ಏರ್ಪಾಡು ಬಂದಿದೆ, ಅದರಿಂದ ಸ್ವಲ್ಪ ವಾಸಿ. ಆದರೆ ಅನೇಕ ಆ್ಯಪುಗಳು ತೋರಿಸುವುದು ಹಲವು ರೇಡಾರುಗಳನ್ನು ಹೊಲಿದು ಮಾಡಿದ ಕೌದಿ. ಹೊಲಿಯುವುದಕ್ಕೆ, ಕಳಿಸುವುದಕ್ಕೆ ಬೇರೆ ಸಮಯ ಬೇಕು. ವಿಮಾನದಲ್ಲಿ ಪೈಲಟ್‌ಗಳು ನೋಡುವ ಇಂಥದ್ದೇ ಚಿತ್ರದ ಬಗ್ಗೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಎಚ್ಚರಿಸಿತ್ತು: ಪರದೆಯ ಮೇಲೆ ಬರೆದ ವಯಸ್ಸಿಗಿಂತ ಒಳಗಿನ ದತ್ತಾಂಶ ಕೆಲವೊಮ್ಮೆ 15-20 ನಿಮಿಷ ಹಳತಾಗಿರಬಹುದು.

ಗಾಳಿಮಾತು

ಅಜ್ಜ, ಬಿರುಗಾಳಿ ಬೆನ್ನಟ್ಟೋರು ಕಾರಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಇದನ್ನೇ ತಾನೇ ನೋಡೋದು? ಅವ್ರಿಗೆ ಆಗೋದು ನಮಗ್ಯಾಕೆ ಆಗಲ್ಲ?

ಧೂಳಿನ ದಾರಿ

ತಮ್ಮಾ, ಎಲ್ ರೇನೋ ಹೆಸರು ಕೇಳೀಯೇನು? ಅದೂ ಓಕ್ಲಹೋಮಾದ್ದ ಊರು. ಮೂರ್ ಆಗಿ ಹನ್ನೊಂದ ದಿನಕ್ಕ, 2013ರ ಮೇ 31. ಸುಂಟರಗಾಳಿ 4.2 ಕಿ.ಮೀ. ಅಗಲ ಆಗಿತ್ತು, ಅಮೆರಿಕದಾಗ ಇದುವರೆಗೆ ಅಳೆದದ್ರಾಗ ಅದ ದೊಡ್ಡದು. ದಿಕ್ಕು ತಿರುಗಿಸ್ತು, ವೇಗ ಹೆಚ್ಚಿಸ್ಕೊಂತು, ಒಳಗ ಸಣ್ಣ ಸುಳಿಗೋಳು ಬ್ಯಾರೆ. ಟಿಮ್ ಸ್ಯಾಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್, ಮೂವರೂ ಕಾರಿನ್ಯಾಗ ಹೋಗ್ತಿದ್ದಾಗ ಅದಕ್ಕ ಸಿಕ್ಕು ಸತ್ರು. ಹವ್ಯಾಸಕ್ಕ ಓಡಾಡೋ ಹುಡುಗರಲ್ರಿ ಅವರು. ಸುಂಟರಗಾಳಿ ದಾರ್ಯಾಗ ಉಪಕರಣ ಇಟ್ಟು ಅಳೀತಿದ್ದ ಪಳಗಿದ ಕೈ. ಇಂಥವರಿಗೇ ಹಂಗಾತು.

ಅದ ಸುಂಟರಗಾಳಿನ ಓಕ್ಲಹೋಮಾ ವಿಶ್ವವಿದ್ಯಾಲಯದ ಲಾರಿ ಮ್ಯಾಲಿನ ರೇಡಾರ್ ಸೆಕೆಂಡುಗಳ ಲೆಕ್ಕದಾಗ ಸುತ್ತಿ ಅಳೆದಿತ್ತು. ದೊಡ್ಡ ರೇಡಾರಿನ ಎರಡು ಚಿತ್ರದ ನಡುವ ಏನೇನ ಆಗ್ತದ ಅಂತ ಅದರಿಂದ ತಿಳೀತು. ಆ ಅಳತಿ ನಂಬಿ ಮೊದಲು ಇಎಫ್5 (ಸುಂಟರಗಾಳಿ ಜೋರು ಹೇಳೋ ಇಎಫ್ ಮಾಪಕದ ಎಲ್ಲಕ್ಕಿಂತ ಮ್ಯಾಲಿನ ಮೆಟ್ಟಲ) ಅಂದಿದ್ರು, ಆಮ್ಯಾಲೆ ಇಎಫ್3ಕ್ಕ ಇಳಿಸಿದ್ರು. ಯಾಕಂದ್ರ ಆ ಮಾಪಕ ನೋಡೋದು ಮುರಿದ ಮನಿ, ರೇಡಾರ್ ಅಳೆದ ಗಾಳಿ ಅಲ್ಲ. ಬಯಲಾಗ ಮುರಿಯಾಕ ಏನಿತ್ತು? ಈ ಇಳಿಸಿದ್ದು ನನಗ ಇನ್ನೂ ಒಗ್ಗಿಲ್ಲ.

ಲೆಕ್ಕದಮ್ಮ

ಒಗ್ಗದಿದ್ದರೂ ಅದಕ್ಕೊಂದು ಕಾರಣ ಇದೆ ಧೂಳಿನ ದಾರಿಯವರೇ. ಲಾರಿ ರೇಡಾರ್ ಹತ್ತಿರ ಇದ್ದ ಸುಂಟರಗಾಳಿಗೆ ಒಂದು ಅಳತೆ, ಇಲ್ಲದ್ದಕ್ಕೆ ಇನ್ನೊಂದು ಅಂತಾದರೆ ಹಳೆಯ ಪಟ್ಟಿಯ ಜೊತೆ ಹೋಲಿಸುವುದಕ್ಕೆ ಬರುವುದಿಲ್ಲ. 1999ರ ಮೇ 3ರಂದು ಬ್ರಿಜ್ ಕ್ರೀಕ್ ಬಳಿ ಇಂಥದ್ದೇ ಲಾರಿ ರೇಡಾರ್ ಗಂಟೆಗೆ 480 ಕಿ.ಮೀ. ಮೀರಿದ ಗಾಳಿ ಅಳೆದಿತ್ತು. ಆ ಅಂಕಿಯನ್ನೇ ಆಮೇಲೆ ಹಲವು ಸಲ ತಿದ್ದಿದ್ದಾರೆ.

ಹಕ್ಕಿಗಣ್ಣು

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನಾನು ರೇಡಾರ್ ನೋಡುವುದು ಹಕ್ಕಿಗಳಿಗಾಗಿ. ಬೆಳಗಿನ ಜಾವ ಗೂಡಿನಿಂದ ಏಳುವ ಹಕ್ಕಿಗಳು ಉಂಗುರದ ಹಾಗೆ ಅಗಲವಾಗುತ್ತ ಕಾಣುತ್ತವೆ. ಟೆಕ್ಸಸ್‌ನ ಗುಹೆಗಳಿಂದ ಸಂಜೆ ಹೊರಡುವ ಬಾವಲಿಗಳೂ ಹಾಗೆಯೇ. ಅಲ್ಲೂ ಸಿಸಿ ಕಡಿಮೆ ಇರುತ್ತದೆ. ಹಾಗಾಗಿ ಸಿಸಿ ಕುಸಿದ ಕಡೆಯೆಲ್ಲ ಮುರಿದ ಮನೆ ಅಂದುಕೊಳ್ಳಬೇಡಿ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಒಡೆದಾಗ ಅದರ ಚೂರುಗಳೂ ಹವಾಮಾನ ರೇಡಾರಿನಲ್ಲಿ ಕಂಡಿದ್ದವು.

ನಿರ್ವಾಹಕ

ಹಕ್ಕಿಗಳಿಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಬಾವಲಿಗಳಿಗೂ ಅಲ್ಲೇ ಜಾಗ ಇದೆ.

ಆಂಟೆನಾ ಅಜ್ಜ

ಹೊಸಪುಟ, ಒಂದು ಅಭ್ಯಾಸ ಕೊಡುತ್ತೇನೆ. ಮೂರ್‌ನ ಅದೇ ನಿಮಿಷಗಳನ್ನು ಉತ್ತರಕ್ಕಿರುವ ವ್ಯಾನ್ಸ್ ವಾಯುನೆಲೆಯ ರೇಡಾರಿನಿಂದ ತೆರೆದು ನೋಡಿ. ಸುಮಾರು 165 ಕಿ.ಮೀ. ದೂರ. ಪ್ರತಿಫಲನ (ನೀವು ಕೊಕ್ಕೆ ಕಂಡ ಚಿತ್ರ), ವೆಲಾಸಿಟಿ, ಸಿಸಿ ಮೂರನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಹತ್ತಿರದ ರೇಡಾರ್ ಇಲ್ಲದಿದ್ದಾಗ ಮುನ್ಸೂಚಕನ ಕಣ್ಣಿಗೆ ಏನು ಉಳಿಯುತ್ತದೆ ಅಂತ ತಿಳಿಯುತ್ತದೆ. ಇದು ಬರೀ ಊಹೆಯ ಮಾತಲ್ಲ. 2020ರ ಆಗಸ್ಟಿನಲ್ಲಿ ಲಾರಾ ಚಂಡಮಾರುತ ಲೂಯಿಸಿಯಾನಾದ ಲೇಕ್ ಚಾರ್ಲ್ಸ್ ಊರಿನ ರೇಡಾರಿನ ಗುಮ್ಮಟವನ್ನೇ ಕಿತ್ತು ಬಿಸಾಡಿತು. ರೇಡಾರ್ ಬೇಕೇ ಬೇಕಾದ ಹೊತ್ತಿನಲ್ಲೇ!

ಹೊಸಪುಟ

ಎರಡು ದಿನ ಬೇಕಾಯಿತು. ವರದಿ ಒಪ್ಪಿಸುತ್ತೇನೆ.

ಹತ್ತಿರದ ರೇಡಾರಿನಲ್ಲಿ, ಸುಂಟರಗಾಳಿ ಮೂರ್ ಒಳಗೆ ಬಂದಾಗ ಚೆಂಡು, ಕೆಂಪು-ಹಸಿರು ಜೋಡಿ, ಸಿಸಿ ತೂತು ಮೂರೂ ಒಂದರ ಮೇಲೊಂದು ಕೂತಿವೆ. ಅದೇ ನಿಮಿಷ ವ್ಯಾನ್ಸ್‌ನಿಂದ ನೋಡಿದರೆ ಕಿರಣ 3 ಕಿ.ಮೀ. ಎತ್ತರದಲ್ಲಿದೆ, ಅಗಲ 2.7 ಕಿ.ಮೀ. ಕೊಕ್ಕೆಯ ಅಂಚೆಲ್ಲ ಮೆತ್ತಗಾಗಿ ಕಂಬಳಿ ಹೊದ್ದು ಮಲಗಿದವರ ಹಾಗೆ ಕಾಣುತ್ತದೆ. ಯಾರೋ ಇದ್ದಾರೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ.

ಇನ್ನೊಂದು ಸಂಗತಿ ಕೈಗೆ ಹತ್ತಿತು. ಸುಂಟರಗಾಳಿ ನೆಲದ ಮೇಲಿದ್ದದ್ದು 39 ನಿಮಿಷ, ಹೋದ ದೂರ ಸುಮಾರು 22 ಕಿ.ಮೀ. ಕೆಳಗಿನ ಕೋನದ ಚಿತ್ರಗಳು ಇರುವುದೋ ಒಂಬತ್ತೋ ಹತ್ತೋ. ಅಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಅದು ಎರಡೂವರೆ ಕಿ.ಮೀ. ಜಿಗಿದಿರುತ್ತದೆ. ಆದರೆ ನನ್ನ ತಂತ್ರಾಂಶದಲ್ಲಿ ಅದು ನುಣ್ಣಗೆ ಜಾರಿಕೊಂಡು ಹೋಗುತ್ತಿತ್ತು! ನೋಡಿದರೆ, ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ಅದೇ ತುಂಬಿಸುತ್ತಿತ್ತು. ಎರಡು ವಾರ ನಾನು ‘ಈ ಬೀದಿ ದಾಟಿತು, ಆ ಬೀದಿ ದಾಟಿತು’ ಅಂತ ಉಸಿರು ಬಿಗಿಹಿಡಿದು ನೋಡಿದ್ದರಲ್ಲಿ ಬಹುಪಾಲು ಕಂಪ್ಯೂಟರ್ ಹೆಣೆದ ಕತೆ.

ಧೂಳಿನ ದಾರಿ

ಆ ನಡುವ ತುಂಬಿಸೋದು, ಚಿತ್ರ ನುಣುಪು ಮಾಡೋ ಸ್ಮೂತಿಂಗ್, ಎರಡೂ ಮೊದ್ಲ ಬಂದ್ ಮಾಡ್ರಿ. ಚೌಕ ಚೌಕ ಕಾಣ್ತದ, ಚಂದ ಇರಂಗಿಲ್ಲ, ಆದ್ರ ರೇಡಾರ್ ಕಂಡದ್ದು ಅಷ್ಟ.

ಲೆಕ್ಕದಮ್ಮ

ನಾರ್ಮನ್‌ನಲ್ಲಿ ನೌಕಾಪಡೆಯ ಹಡಗಿನ ರೇಡಾರ್ ಒಂದನ್ನು ತಂದು ಹವಾಮಾನಕ್ಕೆ ಪಳಗಿಸಿದ್ದರು. ಆಂಟೆನಾ ಸುತ್ತಿಸುವ ಬದಲು ವಿದ್ಯುತ್ತಿನಿಂದಲೇ ಕಿರಣ ತಿರುಗಿಸುವ ಬಗೆ, ಒಂದು ನಿಮಿಷದೊಳಗೆ ಇಡೀ ಮೋಡ ನೋಡಿ ಮುಗಿಸುತ್ತಿತ್ತು. ಅಂಥದ್ದು ಎಲ್ಲ ಕಡೆ ಬಂದರೆ ನಿಮ್ಮ ಒಂಬತ್ತು ಚಿತ್ರ ನಲವತ್ತಾಗುತ್ತದೆ. ಕಿರಣದ ಎತ್ತರ ಮಾತ್ರ ಹಾಗೇ ಇರುತ್ತದೆ, ಭೂಮಿ ಚಪ್ಪಟೆಯಾಗುವುದಿಲ್ಲವಲ್ಲ.

ಗಾಳಿಮಾತು

ಅಜ್ಜ, ಚಿತ್ರ ತೆಗೆದ ಸಮಯ ನನ್ನ ಆ್ಯಪಲ್ಲಿ ಎಲ್ಲಿ ತೋರಿಸುತ್ತೆ? ನಿನ್ನೆಯಿಂದ ಹುಡುಕ್ತಿದ್ದೀನಿ.